ಹೆಂಡತಿಯ ಅಡುಗೆ ಹೊತ್ತು ತಿರುಗಿದ ಮೇಳಗಳು

ನನಗೆ ಮೇಳ ಅಂದರೆ ಆಗುವುದಿಲ್ಲ. ಶಾಮಿಯಾನ ಕಂಡರೆ ಸಾಕು, ಇವತ್ತಿಗೂ ಮೊಣಕಾಲು ನೋಯಲು ಶುರುವಾಗುತ್ತದೆ. ಮೈಕಿನಲ್ಲಿ ಯಾರಾದರೂ ಹಲೋ ಹಲೋ ಅಂದರೆ ತಲೆ ಚಿಟ್ಟು ಹಿಡಿಯುತ್ತದೆ. ಆದರೂ ಒಂದೇ ವರ್ಷದಲ್ಲಿ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಅಂತ ನಾಲ್ಕು ಊರಿನ ತಿಂಡಿ ಮೇಳಗಳಿಗೆ ಹೋಗಿ ಬಂದೆ. ಯಾವುದೂ ಹೆಸರಾದ ಮೇಳ ಅಲ್ಲ. ಪಕ್ಕದ ಬೀದಿಯವರಿಗೇ ಗೊತ್ತಿರುತ್ತಿರಲಿಲ್ಲ. ತಿನ್ನುವುದಕ್ಕೆ ಹೋಗಿದ್ದರೆ ಸುಖವಾಗಿರುತ್ತಿತ್ತೇನೋ, ನಾನು ಹೋಗಿದ್ದು ಪಾತ್ರೆ ಹೊರುವುದಕ್ಕೆ.

ನಮ್ಮ ಮನೆ ಮಾಲೂರಿನಲ್ಲಿ. ಮೂವತ್ತು ವರ್ಷ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಹೋಗಿ, ಸಂಜೆ ಅದೇ ಹಳಿಯ ಮೇಲೆ ವಾಪಸು ಬಂದವನು ನಾನು. ರಿಟೈರಾದ ದಿನ ಕೊರಳಲ್ಲಿದ್ದ ಹಾರ ತೆಗೆದು ಮೊಳೆಗೆ ನೇತುಹಾಕಿ, "ಇನ್ಮೇಲೆ ನನ್ನ ಎಲ್ಲಿಗೂ ಕರೀಬೇಡ ಕಣೇ. ಕೂತ ಕಡೆಯಿಂದ ಏಳಲ್ಲ ನಾನು," ಅಂತ ಹೆಂಡತಿಗೆ ಹೇಳಿದೆ. ಎರಡು ತಿಂಗಳು ಕಳೆದ ಮೇಲೆ, ಪೇಪರಿನ ಒಳಗೆ ಸಿಕ್ಕಿಸಿ ಕಳಿಸಿದ್ದ ಒಂದು ಪಾಂಪ್ಲೆಟ್ ತಂದು ನನ್ನ ಮುಂದೆ ಹಿಡಿದಳು. ಮಾಲೂರಿನಲ್ಲೇ ರಾಗಿ ಮೇಳವಂತೆ, ಅದರಲ್ಲಿ ಅಡುಗೆ ಸ್ಪರ್ಧೆಯೂ ಇದೆಯಂತೆ.

"ಈ ವಯಸ್ಸಲ್ಲಿ ಯಾಕೇ ನಿಂಗೆ ಸ್ಪರ್ಧೆ?" ಅಂದೆ.

"ಮದುವೆ ಆದಾಗಿಂದ ಬೇಯಿಸಿ ಹಾಕ್ತಾನೇ ಇದೀನಿ. ಚೆನ್ನಾಗಿದೆ ಅಂತ ಒಂದು ಮಾತು ಕಿವೀಲಿ ಕೇಳ್ಬೇಕು ಕಣ್ರೀ ನಂಗೆ. ನಿಮ್ಮ ಬಾಯಿಂದ ಅಂತೂ ಬರಲ್ಲ. ಬೇರೆಯವರಾದ್ರೂ ಅಂತಾರಾ ನೋಡ್ತೀನಿ."

ಜಗಳದ ದನಿಯಲ್ಲಿ ಹೇಳಿದ್ದಲ್ಲ ಅದು. ನಾಳೆ ಗ್ಯಾಸ್ ಬರುತ್ತೆ ಅನ್ನುವಷ್ಟೇ ಸಲೀಸಾಗಿ ಹೇಳಿದಳು.

ನನ್ನ ಕಡೆಯ ಮಾತೂ ಇದೆ, ಹೇಳಿಬಿಡುತ್ತೇನೆ. ನಾನು ಹುಟ್ಟಿದ ಮನೆ ಕೋಲಾರದ ಕಡೆಯ ಕ್ಯಾಲನೂರಿನ ಹತ್ತಿರದ್ದು. ಒಂದೇ ಒಲೆಯ ಮೇಲೆ ಹದಿನೆಂಟು ಜನಕ್ಕೆ ಹಿಟ್ಟು ಬೇಯುತ್ತಿತ್ತು. ಹಿಟ್ಟು ಅಂದರೆ ರಾಗಿ ಮುದ್ದೆ. ಗಂಡಸರು, ಮಕ್ಕಳು ಮೊದಲು ಉಣ್ಣಬೇಕು, ಹೆಂಗಸರು ಕೊನೆಗೆ. ತಟ್ಟೆ ಮುಂದೆ ಕೂತವನು ಸಾರು ಚೆನ್ನಾಗಿದೆ ಅನ್ನುವ ಹಾಗೇ ಇರಲಿಲ್ಲ. ಅಂದರೆ ಬಡಿಸುವವರು ಇನ್ನೊಂದು ಸೌಟು ಹಾಕಲೇಬೇಕು. ಹಾಕುತ್ತಾ ಹೋದರೆ ಹೆಂಗಸರ ಪಾಲಿಗೆ ತಪ್ಪಲೆಯಲ್ಲಿ ಬರೀ ತಳ ಉಳಿಯುತ್ತದೆ. ಚಿಕ್ಕವನಿದ್ದಾಗ ಒಂದು ಸಲ ಅವ್ವನ ಬಸ್ಸಾರು ಚೆನ್ನಾಗಿದೆ ಅಂದುಬಿಟ್ಟೆ. ಅಪ್ಪ ತಲೆಯ ಮೇಲೆ ಮೊಟಕಿ, "ಮುಚ್ಕೊಂಡು ಉಣ್ಣಲಾ," ಅಂದರು. ಅಲ್ಲಿಂದ ಮುಚ್ಚಿದ ಬಾಯಿ. ಮದುವೆಯಾಗಿ ಮಾಲೂರಿಗೆ ಬಂದು, ತಪ್ಪಲೆ ತುಂಬ ಸಾರು ಮಿಕ್ಕಿ ಮಾರನೇ ದಿನಕ್ಕೂ ಆಗುವ ಕಾಲ ಬಂದರೂ ನಾಲಿಗೆ ಏಳಲಿಲ್ಲ. ಚೆನ್ನಾಗಿಲ್ಲ ಅಂತಲೂ ನಾನು ಎಂದೂ ಅಂದವನಲ್ಲ. ಅದೇ ಒಂದು ದೊಡ್ಡ ಗುಣ ಅಂತ ನನ್ನ ಲೆಕ್ಕದಲ್ಲಿತ್ತು.

ಮಾಲೂರಿನ ಮೇಳಕ್ಕೆ ನಡೆದೇ ಹೋದೆವು. ನನ್ನ ಒಂದು ಕೈಯಲ್ಲಿ ತಪ್ಪಲೆ, ಇನ್ನೊಂದು ಕೈಯಲ್ಲಿ ಬಟ್ಟೆ ಕಟ್ಟಿದ ಸಾರಿನ ಪಾತ್ರೆ, ಕಂಕುಳಲ್ಲಿ ಹಿಟ್ಟಿನ ಕೋಲು. ದಾರಿಯಲ್ಲಿ ಸಿಕ್ಕವರೆಲ್ಲ, "ಏನ್ ಸಾರ್, ಮನೆ ಖಾಲಿ ಮಾಡ್ತಿದೀರಾ?" ಅಂತ ಕೇಳಿದರು. ಸ್ಪರ್ಧೆಗೆ ಬಂದಿದ್ದ ಬೇರೆ ಹೆಂಗಸರು ರಾಗಿ ಕೇಕು, ರಾಗಿ ಪಿಜ್ಜಾ, ರಾಗಿ ಐಸ್‌ಕ್ರೀಮು ಮಾಡಿಕೊಂಡು ಬಂದಿದ್ದರು. ನನ್ನ ಹೆಂಡತಿ ಮಾಡಿದ್ದು ಮುದ್ದೆ, ಸೊಪ್ಪಿನ ಬಸ್ಸಾರು. ತೀರ್ಪುಗಾರ್ತಿಯೊಬ್ಬರು ಬಂದು ಬಗ್ಗಿ ನೋಡಿ, "ಮುದ್ದೆ ಎಲ್ಲಾರ ಮನೇಲೂ ಮಾಡ್ತಾರಲ್ಲಮ್ಮಾ, ಏನಾದ್ರೂ ಹೊಸದು ಟ್ರೈ ಮಾಡ್ಬೇಕಿತ್ತು," ಅಂದು ರುಚಿಯನ್ನೂ ನೋಡದೆ ಮುಂದೆ ಹೋದರು. ರಾಗಿ ಮೇಳದಲ್ಲಿ ಮುದ್ದೆಗೇ ಈ ಗತಿ. ನನಗೆ ನಗು ಬಂತು, ಹೆಂಡತಿಯ ಮುಖ ನೋಡಿ ನುಂಗಿಕೊಂಡೆ. ಭಾಗವಹಿಸಿದ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಬಾಕ್ಸು ಕೊಟ್ಟರು. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಾಳು ಅಂದುಕೊಂಡೆ. ಎಲ್ಲಿ ಬಿಟ್ಟಳು? ಚಳಿಗಾಲ ಬಂತು, ಕೋಲಾರದಲ್ಲಿ ಅವರೆಕಾಯಿ ಮೇಳ ಅಂತ ಯಾರೋ ಹೇಳಿದರು.

ಹಿತಕಿದ ಬೇಳೆ ಸಾರು ಗೊತ್ತಿರುವವರಿಗೆ ಗೊತ್ತು ಅದರ ಸಂಕಟ. ಸೊಗಡಿನ ಅವರೆಕಾಯಿ ಸುಲಿಯಬೇಕು, ಕಾಳು ನೆನೆಸಬೇಕು, ಆಮೇಲೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಹೊರಗೆ ಹಾರಿಸಬೇಕು. ಹಿಂದಿನ ದಿನ ಮಧ್ಯಾಹ್ನವೆಲ್ಲ ನಾವಿಬ್ಬರೂ ಎದುರುಬದುರು ಕೂತು ಹಿತುಕಿದೆವು. ನನ್ನ ಬೇಳೆಗಳು ಅವಳ ಸೆರಗಿಗೆ, ಟಿವಿಗೆ, ಕಿಟಕಿಗೆ ಹಾರಿದವು. "ಸುಮ್ನೆ ಎದ್ದು ಹೋಗ್ರೀ, ನೀವು ಹಿತುಕೋ ಚೆಂದಕ್ಕೆ ನಾಳೆ ಸಂಜೆ ಆಗುತ್ತೆ," ಅಂದಳು. ಆದರೂ ನಗುತ್ತಿದ್ದಳು. ನಿಜ ಹೇಳಬೇಕಂದರೆ, ಇಷ್ಟೆಲ್ಲ ಓಡಾಟದಲ್ಲಿ ನನಗೆ ಹಿತವಾಗಿದ್ದದ್ದು ಅದೊಂದು ಮಧ್ಯಾಹ್ನ.

ಮಾರನೇ ದಿನ ಕೋಲಾರದಲ್ಲಿ ಹನ್ನೊಂದಕ್ಕೆ ಉದ್ಘಾಟನೆ ಅಂದಿದ್ದರು. ಮುಖ್ಯ ಅತಿಥಿ ಬರುವವರೆಗೆ ಯಾರೂ ಯಾವ ಪಾತ್ರೆಯ ಮುಚ್ಚಳವನ್ನೂ ತೆಗೆಯುವಂತಿಲ್ಲ ಅಂತ ಮೈಕಿನಲ್ಲಿ ಕೂಗಿದರು. ಆ ಪುಣ್ಯಾತ್ಮ ಬಂದಿದ್ದು ಎರಡು ಗಂಟೆಗೆ. ಬಂದು ಅರ್ಧ ಗಂಟೆ ಭಾಷಣ. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಬಿಸಿಬಿಸಿ ಕಟ್ಟಿಟ್ಟಿದ್ದ ಮುದ್ದೆಗಳು ಎಸೆದರೆ ತಲೆ ಒಡೆಯುವಷ್ಟು ಗಟ್ಟಿಯಾಗಿದ್ದವು. ಸಾರನ್ನು ಎರಡು ಸಲ ಬಿಸಿ ಮಾಡಿ ಮಾಡಿ ಅದು ಗೊಜ್ಜಿನ ಹಾಗೆ ಆಗಿತ್ತು. ಕೊನೆಗೆ ತೀರ್ಪು ಕೊಡುವ ಹುಡುಗಿಯೊಬ್ಬಳು ಬಂದು ಮುದ್ದೆಯ ತುಣುಕೊಂದನ್ನು ಚಮಚದಲ್ಲಿ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಅಗೀಬಾರ್ದು ತಾಯಿ! ನುಂಗ್ಬೇಕು ಅದನ್ನ, ನುಂಗ್ಬೇಕು!"

ಇಡೀ ಸಾಲು ನನ್ನ ಕಡೆ ತಿರುಗಿತು. ಹುಡುಗಿ ಹೆದರಿ ನೀರು ಕುಡಿದಳು. ಹೆಂಡತಿ ನನ್ನನ್ನು ನೋಡಿದ ನೋಟ ಬೇಡ ಬಿಡಿ. ಬಹುಮಾನದ ಮಾತು ಅಲ್ಲಿಗೇ ಮುಗಿಯಿತು.

ಎಲ್ಲ ಮುಗಿದ ಮೇಲೆ, ಬಂದೋಬಸ್ತಿಗೆ ಬಂದಿದ್ದ ಪೊಲೀಸಿನವರೊಬ್ಬರು ನಮ್ಮ ಟೇಬಲ್ಲಿನ ಹತ್ತಿರ ಬಂದು ನಿಂತರು. ಅವರೂ ಬೆಳಗಿನಿಂದ ಉಪವಾಸ. ಹೆಂಡತಿ ಎರಡು ಮುದ್ದೆ ಬಿಸಿ ನೀರಿನಲ್ಲಿ ಇಟ್ಟು ಮೆತ್ತಗೆ ಮಾಡಿ ಬಡಿಸಿದಳು. ಉಂಡರು. ಕೈ ತೊಳೆಯುವಾಗ ಇವಳು ಹತ್ತಿರ ಹೋಗಿ, "ಹೆಂಗಿತ್ತು ಸಾರ್?" ಅಂದಳು. "ಹೊಟ್ಟೆ ತುಂಬ್ತು ಬಿಡಮ್ಮಾ," ಅಂದು ಅವರು ಹೊರಟುಹೋದರು.

ಬಸ್ಸು ಅರ್ಧ ದಾರಿಗೆ ಬಂದಾಗ ಕೇಳಿದಳು. "ಹೊಟ್ಟೆ ತುಂಬ್ತು ಅಂದ್ರೆ ಚೆನ್ನಾಗಿತ್ತು ಅಂತಾನಾ ರೀ?"

ಹೌದು ಕಣೇ, ಚೆನ್ನಾಗಿತ್ತು ಅನ್ನಬಹುದಿತ್ತು ನಾನು. ಬಾಯಿಯ ತನಕ ಬಂತು. ಅಷ್ಟರಲ್ಲಿ ಕಂಡಕ್ಟರ್ ಬಂದ, ಚಿಲ್ಲರೆ ಕೇಳಿದ, ಜೇಬು ತಡಕುವುದರಲ್ಲಿ ಮಾತು ಹಾಗೇ ಉಳಿಯಿತು. ಸುಳ್ಳು ಯಾಕೆ, ಕಂಡಕ್ಟರ್ ಹೋದ ಮೇಲೂ ಬೇಕಾದಷ್ಟು ದಾರಿ ಇತ್ತು. ನಾನು ಕಿಟಕಿಯ ಆಚೆ ನೋಡುತ್ತಾ ಕೂತೆ.

ಮುಳಬಾಗಿಲಿನದು ದೋಸೆ ಮೇಳ. ಅಲ್ಲಿ ತಪ್ಪು ಪೂರ್ತಿ ನನ್ನದೇ. ಅರ್ಜಿ ತುಂಬಿದ್ದು ನಾನು. ಜೀವಮಾನವೆಲ್ಲ ಅರ್ಜಿಗಳಲ್ಲಿ ಹೆಸರು ಅಂತ ಕಂಡ ಕಡೆ ನನ್ನ ಹೆಸರು ಬರೆದು ಕೈಗೆ ರೂಢಿ, ಅಲ್ಲೂ ಅದನ್ನೇ ಬರೆದಿದ್ದೆ. ದೋಸೆಯನ್ನೇನೋ ಅವಳು ಚೆನ್ನಾಗಿಯೇ ಹುಯ್ದಳು. ದೋಸೆಗೇ ಹೆಸರಾದ ಆ ಊರಿನಲ್ಲಿ ದೋಸೆ ಮಾಡಿ ಗೆಲ್ಲುವುದು ಯಾರಿಗೂ ಸುಲಭವಲ್ಲ, ಅದು ಬೇರೆ ಮಾತು. ಕೊನೆಗೆ ತೀರ್ಪುಗಾರರು ಮೈಕು ಹಿಡಿದು, "ಎಲ್ಲರದೂ ಚೆನ್ನಾಗಿತ್ತು," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮಾಣಪತ್ರ ತೆಗೆದು ನೋಡಿದರೆ ಶ್ರೀಮತಿ ಅಂತ ಅಚ್ಚಾಗಿದ್ದದ್ದರ ಮುಂದೆ ನನ್ನ ಹೆಸರು, ಚೆಂದದ ಅಕ್ಷರದಲ್ಲಿ.

ನಗಲಿಕ್ಕೆ ಹೋದೆ. ಅವಳು ನಗಲಿಲ್ಲ.

"ಎಲ್ಲಾರದೂ ಚೆನ್ನಾಗಿತ್ತು ಅಂದ್ರೆ ಯಾರದ್ದೂ ಅಲ್ಲ ಅಂತ ಅರ್ಥ," ಅಂದಳು. "ಹೋಗ್ಲಿ, ಒಂದು ಕಾಗದ ಆದ್ರೂ ನನ್ನ ಹೆಸರಲ್ಲಿ ಬರ್ತಿತ್ತು. ಅದನ್ನೂ ನೀವೇ ತಗೊಂಡ್ರಿ."

ಬೇಕಿತ್ತಾ ನನಗೆ ಇದೆಲ್ಲ ಅನ್ನಿಸಿತು. ಸೊಂಟ ಬಿದ್ದುಹೋಗಿತ್ತು. ಹಂಚು ಬೇರೆ ಇನ್ನೂ ಬಿಸಿ ಆರಿರಲಿಲ್ಲ, ಅದನ್ನು ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮಾಲೂರಿನ ತನಕ ಬಂದೆ. ಇನ್ನು ಸಾಕು, ಕೈ ಮುಗೀತೀನಿ ಅಂದೆ. "ಇನ್ನೊಂದೇ," ಅಂದಳು. "ಮಾವಿನಕಾಯಿ ಕಾಲಕ್ಕೆ ಶ್ರೀನಿವಾಸಪುರದಲ್ಲಿ ಇದೆಯಂತೆ. ಅಲ್ಲೂ ಆಗಲಿಲ್ಲ ಅಂದ್ರೆ ನಾನೇ ಬಿಟ್ಬಿಡ್ತೀನಿ."

ಶ್ರೀನಿವಾಸಪುರ ಆ ಕಾಲದಲ್ಲಿ ಪೂರ್ತಿ ಮಾವಿನ ವಾಸನೆ. ಮಂಡಿಗಳ ಮುಂದೆ ಲಾರಿಗಳು, ರಸ್ತೆಯಲ್ಲಿ ಜಜ್ಜಿಹೋದ ಹಣ್ಣು, ಅದರ ಮೇಲೆ ನೊಣ. ಶಾಮಿಯಾನದ ಒಳಗೆ ಬೆಂದುಹೋಗುವ ಸೆಕೆ. ಇಲ್ಲಿ ಮಾತ್ರ ತೀರ್ಪುಗಾರರು ಇರಲಿಲ್ಲ. ಮೇಳಕ್ಕೆ ಬಂದ ಪ್ರತಿಯೊಬ್ಬರಿಗೂ ಬಾಗಿಲಲ್ಲಿ ಒಂದು ಹುಣಸೆ ಬೀಜ ಕೊಡುತ್ತಿದ್ದರು. ಪ್ರತಿ ಅಡುಗೆಯ ಮುಂದೆ ಒಂದು ಚೊಂಬು. ಎಲ್ಲ ರುಚಿ ನೋಡಿ, ಯಾವುದು ಹಿಡಿಸಿತೋ ಅದರ ಚೊಂಬಿಗೆ ಬೀಜ ಹಾಕಬೇಕು. ನನಗೂ ಒಂದು ಬೀಜ ಸಿಕ್ಕಿತು. ಅಂಗಿಯ ಜೇಬಿಗೆ ಹಾಕಿಕೊಂಡೆ.

ಅವಳು ಮಾಡಿದ್ದು ಮಾವಿನ ಹಣ್ಣಿನ ಗೊಜ್ಜು. ಸಣ್ಣ ಸಣ್ಣ ನಾಟಿ ಹಣ್ಣು, ಬೆಲ್ಲ, ಒಣಮೆಣಸಿನಕಾಯಿ, ತೆಂಗಿನಕಾಯಿ, ಅರೆದ ಸಾಸಿವೆ. ಹಣ್ಣಿನ ಒಳಗಿನ ವಾಟೆಯನ್ನು ಹಾಗೇ ಬಿಟ್ಟಿರುತ್ತಾಳೆ, ಅನ್ನ ಉಂಡಾದ ಮೇಲೆ ಅದನ್ನು ಚೀಪಬೇಕು. ಮಧ್ಯಾಹ್ನದ ಹೊತ್ತಿಗೆ ಅವಳ ಮುಂದೆ ಸಾಲು ನಿಂತಿತ್ತು. ಬಿಳಿ ಅಂಗಿಯ ಮಂಡಿ ಸಾಹುಕಾರರು, ಕಾಲೇಜು ಹುಡುಗಿಯರು, ಎಲ್ಲರೂ ಬಿಸಿಲಲ್ಲಿ ನಿಂತು ಮೊಣಕೈ ತನಕ ಸೋರಿಸಿಕೊಂಡು ವಾಟೆ ಚೀಪುತ್ತಿದ್ದರು. "ಬಾಗುಂದಿ ಅಕ್ಕಾ, ಶಾನಾ ಬಾಗುಂದಿ," ಅಂತ ಒಬ್ಬರು ತೆಲುಗಿನಲ್ಲಿ ಚೆನ್ನಾಗಿದೆ ಅಂದರೆ, "ಇನ್ನೊಂಚೂರು ಹಾಕಕ್ಕಾ," ಅಂತ ಇನ್ನೊಬ್ಬರು. ಚೊಂಬಿನಲ್ಲಿ ಬೀಜ ಬೀಳುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಅವಳ ಮುಖ ಕೆಂಪಗಾಗಿತ್ತು. ಒಂದು ಕಡೆ ಬಡಿಸುತ್ತಾ, ಮಧ್ಯೆ ಮಧ್ಯೆ ಕತ್ತೆತ್ತಿ ನನ್ನ ಕಡೆ ನೋಡುತ್ತಿದ್ದಳು. ನಾನು ಕಂಬಕ್ಕೆ ಒರಗಿಸಿದ್ದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದೆ.

"ರೀ, ತಿಂದ್ರಾ?"

"ಆಮೇಲೆ ಕಣೇ. ಮೊದಲು ಜನಕ್ಕೆ ಹಾಕು."

ಮೂರು ಗಂಟೆಗೆ, ಬೀಜ ಉಳಿದಿದ್ದವರು ಬೇಗ ಹಾಕಿ ಅಂತ ಕೂಗಿದರು. ಎದ್ದು ಹೋದೆ. ಹೆಂಡತಿಯ ಚೊಂಬು ಕಂಠದ ತನಕ ಬಂದಿತ್ತು. ಪಕ್ಕದ ಟೇಬಲ್ಲಿನಲ್ಲಿ ಗಡಿ ಕಡೆಯ ಹಳ್ಳಿಯ ಒಬ್ಬ ಅಜ್ಜಿ ಮಾವಿನಕಾಯಿ ಪಪ್ಪು, ಅಂದರೆ ತೊವ್ವೆ, ಮಾಡಿಕೊಂಡು ಕೂತಿದ್ದರು, ಅವರ ಚೊಂಬು ಹೆಚ್ಚುಕಡಿಮೆ ಖಾಲಿ. ಬೀಜವನ್ನು ಕೈಗೆ ತೆಗೆದುಕೊಂಡೆ. ಎದುರಿಗೆ ನಿಂತಿದ್ದ ನಾಲ್ಕೈದು ಹೆಂಗಸರಲ್ಲಿ ಒಬ್ಬಳು, ನೋಡು, ಹೆಂಡತಿಗೇ ಹಾಕ್ತಾನೆ ಅಂತ ತೆಲುಗಿನಲ್ಲಿ ಅಂದು ಕಿಸಕ್ಕನೆ ನಕ್ಕಳು. ನನಗೆ ತೆಲುಗು ಬರುವುದಿಲ್ಲ ಅಂದುಕೊಂಡಿದ್ದಳೋ ಏನೋ. ಈ ಸೀಮೆಯಲ್ಲಿ ಯಾರಿಗೆ ಬರುವುದಿಲ್ಲ? ಕಿವಿ ಬಿಸಿಯಾಯಿತು. ಗಂಡನೇ ಹೆಂಡತಿಯ ಅಡುಗೆಗೆ ಬೀಜ ಹಾಕುವುದು ಎಂಥ ನಾಚಿಕೆಗೇಡು ಅನ್ನಿಸಿಬಿಟ್ಟಿತು. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ಅಜ್ಜಿಯ ಚೊಂಬಿಗೆ ಹಾಕಿದೆ. ಖಾಲಿ ಚೊಂಬು, ಟಣ್ ಅಂತು.

ತಿರುಗಿದರೆ ಹೆಂಡತಿ ಸೌಟು ಹಿಡಿದುಕೊಂಡೇ ನೋಡುತ್ತಿದ್ದಾಳೆ. ನಾನು ದೊಡ್ಡ ಮನುಷ್ಯನ ಹಾಗೆ ತಲೆ ಆಡಿಸಿದೆ. ಅವಳು ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು.

ಮೊದಲ ಬಹುಮಾನ ಅವಳಿಗೇ ಬಂತು. ಒಂದು ಮಿಕ್ಸಿ ಕೊಟ್ಟರು. ಎರಡು ಮಾತಾಡಿ ಅಂತ ಮೈಕು ಕೊಟ್ಟರೆ ನಮಸ್ಕಾರ ಮಾಡಿ ಇಳಿದು ಬಂದಳು.

ಕೋಲಾರಕ್ಕೆ ಬಂದು ಮಾಲೂರಿನ ಬಸ್ಸಿಗೆ ಕಾಯಬೇಕಾಯಿತು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮಿಕ್ಸಿ ಡಬ್ಬವನ್ನು ನಮ್ಮಿಬ್ಬರ ನಡುವೆ ಇಟ್ಟು ಕೂತಳು.

"ಏನೇ, ಗೆದ್ದೂ ಮೂತಿ ಊದಿಸ್ಕೊಂಡು ಕೂತಿದೀಯಲ್ಲ?" ಅಂದೆ.

"ಅಷ್ಟು ಜನ ಹಾಕಿದ್ರು. ನಿಮ್ದೊಂದು ಬೀಳಲಿಲ್ಲ."

"ಅಲ್ವೇ, ಆ ಹೆಂಗಸರು ನಗ್ತಿದ್ರು. ನಿಂದು ತುಂಬಿತ್ತು, ಆ ಅಜ್ಜೀದು ಖಾಲಿ..."

"ತಿಂದಾದ್ರೂ ನೋಡಿದ್ರಾ?"

ತಿಂದಿರಲಿಲ್ಲ. ಇಡೀ ದಿನ ಅವಳ ಎದುರಿಗೇ ಕೂತು, ಪಾತ್ರೆ ಬಳಿದು ಖಾಲಿಯಾಗುವ ತನಕ, ಒಂದು ತುತ್ತು ಬಾಯಿಗೆ ಇಟ್ಟಿರಲಿಲ್ಲ. ಪೆಚ್ಚಾದೆ. ಏನಾದರೂ ಹೇಳಿ ಸಮಾಧಾನ ಮಾಡಬೇಕಿತ್ತು. ಆಗ ಹೊಳೆದದ್ದು ರೈಲಿನ ವಿಷಯ. ಮೂವತ್ತು ವರ್ಷದಲ್ಲಿ ಯಾಕೋ ಅವಳಿಗೆ ಹೇಳಿಯೇ ಇರಲಿಲ್ಲ.

"ನೋಡು, ಇವತ್ತು ಹೊಗಳಿದ್ದು ಏನ್ ಮಹಾ? ರೈಲಲ್ಲಿ ನಿನ್ನ ತಿಂಡಿಗೆ ದಿನಾ ಜನ ಕಾಯ್ತಿದ್ರು ಗೊತ್ತಾ?" ಅಂದೆ.

ಅವಳು ತಿರುಗಿ ನೋಡಿದಳು. ನನಗೆ ಹುರುಪು ಬಂತು. ಬೆಳಗಿನ ತಿಂಡಿಗೆ ಅವಳು ಕಟ್ಟಿಕೊಡುತ್ತಿದ್ದ ಡಬ್ಬಿಯನ್ನು ನಾವು ರೈಲಿನಲ್ಲೇ ಬಿಚ್ಚುತ್ತಿದ್ದೆವು. ಒಂದೇ ಮೂಲೆಯಲ್ಲಿ ಕೂರುವ ಎಂಟು ಜನ, ಮಧ್ಯೆ ಪೇಪರ್ ಹಾಸಿ ಎಲ್ಲರ ಡಬ್ಬಿಯನ್ನೂ ಅದರ ಮೇಲೆ ಇಡುತ್ತಿದ್ದೆವು. ಮೊದಲು ಎಲ್ಲರ ಕೈ ಬೀಳುತ್ತಿದ್ದದ್ದು ನನ್ನ ಡಬ್ಬಿಗೆ. ಅವರೆಕಾಳು ಉಪ್ಪಿಟ್ಟಿನ ದಿನವಂತೂ ಕಿತ್ತಾಟ. "ಅತ್ತಿಗೆ ಕೈಗೆ ಬಂಗಾರದ ಬಳೆ ಹಾಕ್ಸೋ," ಅಂತ ಒಬ್ಬ ದಿನಾ ಕೂಗುತ್ತಿದ್ದ. ಅವನ ದನಿಯಲ್ಲೇ ಕೂಗಿ ತೋರಿಸಿದೆ. ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡಿದರು. ಅವಳ ಮುಖ ಸಡಿಲವಾಯಿತು, ನಗುವೂ ಬಂತು.

"ಹಂಗಂತಿದ್ರಾ? ನಿಜವಾಗ್ಲೂ?"

"ನಿನ್ನಾಣೆ ಕಣೇ. ಒಂದು ಅಗುಳು ಬಿಡ್ತಿರ್ಲಿಲ್ಲ ನನ್ಮಕ್ಳು."

"ಮತ್ತೆ ನೀವು?"

"ನಾನೇನು?"

"ಅವ್ರು ಅಷ್ಟು ತಿಂದ್ರೆ ನೀವೇನ್ ತಿಂತಿದ್ರಿ?"

"ನಾನು ಬೇರೆಯವರದ್ದು. ಅಲ್ಲಿ ಅದೇ ಪದ್ಧತಿ ಕಣೇ. ಅವರವರ ಡಬ್ಬಿಗೆ ಅವರವರೇ ಕೈ ಹಾಕಂಗಿಲ್ಲ. ಹಾಕಿದ್ರೆ, ಏನ್ಲಾ ಜಿಪುಣ, ಹೆಂಡ್ತಿ ಕಟ್ಟಿದ್ದು ಬಚ್ಚಿಟ್ಕೋತೀಯಾ ಅಂತ ರೇಗಿಸೋರು. ನನ್ನ ಪಾಲಿಗೆ ಯಾವಾಗ್ಲೂ ಅವನ್ಯಾರದ್ದೋ ಒಣ ಇಡ್ಲಿ."

ನಗುತ್ತಾ ಹೇಳಿದೆ. ಅವಳೂ ನಗುತ್ತಾಳೆ ಅಂದುಕೊಂಡೆ. ಅವಳು ಮಿಕ್ಸಿ ಡಬ್ಬದ ಮೇಲೆ ಕೈ ಇಟ್ಟುಕೊಂಡಳು.

"ಒಂದು ದಿನಾನೂ ತಿಂದಿಲ್ವಾ?" ಅಂದಳು.

"ಪದ್ಧತಿ ಅಂದ್ನಲ್ಲ."

"ಮನೇಲಿ ಬಾಯಿ ಬಿಡಲ್ಲ, ನಿಮ್ಮಪ್ಪ ಕಲಿಸಿದ್ದು ಅಂತ ಬಿಟ್ಟಿದ್ದೆ," ಅಂದಳು. ದನಿ ಸಣ್ಣಗಿತ್ತು, ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. "ಆದ್ರೆ ದಿನಾ ಸಂಜೆ ಡಬ್ಬಿ ತೆಗೆದು ನೋಡ್ತಿದ್ದೆ. ಒಂದು ದಿನಾನೂ ಉಳಿಸ್ಕೊಂಡು ಬರಲಿಲ್ಲ ನೀವು. ಜ್ವರ ಇದ್ದಾಗ್ಲೂ ಖಾಲಿ. ಬಾಯಲ್ಲಿ ಹೇಳದಿದ್ರೆ ಹೋಗ್ಲಿ, ಖಾಲಿ ಡಬ್ಬಿ ತರ್ತಾರಲ್ಲ, ಅದೇ ಹೇಳಿದಂಗೆ ಅಂದ್ಕೊಂಡಿದ್ದೆ. ಅದಕ್ಕೇ ನಾಲ್ಕು ಗಂಟೆಗೆ ಏಳ್ತಿದ್ದೆ ಕಣ್ರೀ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮಾಲೂರಿನ ಬಸ್ಸು ಬಂತು. ಮಿಕ್ಸಿಯನ್ನು ನಾನು ಎತ್ತಿಕೊಳ್ಳಲು ಹೋದೆ, ಅವಳೇ ಎತ್ತಿಕೊಂಡು ಮುಂದಿನ ಬಾಗಿಲಲ್ಲಿ ಹತ್ತಿದಳು. ನನಗೆ ಹಿಂದೆ ಸೀಟು ಸಿಕ್ಕಿತು.

ಅಲ್ಲಿಂದೀಚೆ ಅವಳು ಯಾವ ಮೇಳಕ್ಕೂ ಹೋಗಿಲ್ಲ. ಅಡುಗೆ ಮೊದಲಿನ ಹಾಗೇ ಮಾಡುತ್ತಾಳೆ, ಉಪ್ಪು ಹುಳಿ ಯಾವುದೂ ತಪ್ಪಿಲ್ಲ. ನಾನು ಈಗ ದಿನಾ ಹೇಳುತ್ತೇನೆ. ನಾಚಿಕೆ ಬಿಟ್ಟು ಮೊದಲ ತುತ್ತಿಗೇ ಹೇಳುತ್ತೇನೆ. ಹೇಳಿದಾಗಲೆಲ್ಲ ಅವಳು ಹೂಂ ಅನ್ನುತ್ತಾಳೆ, ನೀರಿನ ಲೋಟ ಹತ್ತಿರಕ್ಕೆ ಸರಿಸುತ್ತಾಳೆ.

ಮೊನ್ನೆ ಬಸ್ಸಾರು ಮಾಡಿದ್ದಳು. ಉಂಡೆ.

"ಚೆನ್ನಾಗಿದೆ ಕಣೇ ಸಾರು," ಅಂದೆ.

ಅವಳು ತಟ್ಟೆಯಿಂದ ತಲೆ ಎತ್ತದೆ ಕೇಳಿದಳು. "ಯಾರು ಹೇಳಿದ್ರು?"

"ನಾನೇ ಕಣೇ. ನಾನೇ ಹೇಳ್ತಿರೋದು."

"ಓ," ಅಂದು ಕೈ ತೊಳೆಯಲು ಎದ್ದು ಹೋದಳು.